ಕಲ್ನಾರಿನ ಕ್ಯಾನ್ಸರ್: ರಕ್ತ ಪರೀಕ್ಷೆ ಎಷ್ಟು ಹೇಳೀತು?

ಎದೆಯಲ್ಲಿ ನೀರು ತುಂಬಿದೆ ಎಂದ ಕೂಡಲೇ ನಮ್ಮ ಕಡೆ ಮೊದಲು ನೆನಪಾಗುವುದು ಕ್ಷಯ. ವೈದ್ಯರೂ ಮೊದಲು ಯೋಚಿಸುವುದು ಅದನ್ನೇ. ಅದರಲ್ಲಿ ತಪ್ಪೇನೂ ಇಲ್ಲ. ಭಾರತದಲ್ಲಿ ಶ್ವಾಸಕೋಶದ ಸುತ್ತ ನೀರು ತುಂಬಲು ಕ್ಷಯವೇ ಬಹು ದೊಡ್ಡ ಕಾರಣ. ಆ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷಿಸುತ್ತಾರೆ, ಮಾತ್ರೆ ಕೊಡುತ್ತಾರೆ, ಹೆಚ್ಚಿನವರು ಗುಣ ಹೊಂದುತ್ತಾರೆ. ಆದರೆ ಕೆಲವರಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ನೀರು ಮತ್ತೆ ಮತ್ತೆ ತುಂಬುತ್ತದೆ. ಒಂದು ಮಗ್ಗುಲಲ್ಲಿ ನೋವು ನಿಲ್ಲುವುದಿಲ್ಲ, ತೂಕ ಇಳಿಯುತ್ತಾ ಹೋಗುತ್ತದೆ. ಇಂಥವರಲ್ಲಿ ಕೆಲವರಿಗೆ ಇರುವುದು ಕ್ಷಯವಲ್ಲ, ಶ್ವಾಸಕೋಶವನ್ನು ಸುತ್ತಿಕೊಂಡಿರುವ ತೆಳುವಾದ ಪೊರೆಯ ಕ್ಯಾನ್ಸರ್. ವೈದ್ಯರು ಇದನ್ನು ಮೆಸೊಥೆಲಿಯೋಮ ಎನ್ನುತ್ತಾರೆ.

ಇದು ಅಪರೂಪದ ಕಾಯಿಲೆ. ಹಾಗಾಗಿ ಎದೆನೋವು ಬಂದವರೆಲ್ಲ ಗಾಬರಿಯಾಗಬೇಕಿಲ್ಲ. ಆದರೂ ಈ ತಿಂಗಳು ಇದರ ಕುರಿತು ಬರೆಯಲು ಎರಡು ಕಾರಣಗಳಿವೆ. ಒಂದು, ಈ ಕ್ಯಾನ್ಸರಿಗೆ ಮುಖ್ಯ ಕಾರಣವಾದ ವಸ್ತು ನಮ್ಮ ಊರುಗಳ ಸಾವಿರಾರು ಮನೆಗಳ ಮಾಡಿನಲ್ಲಿದೆ. ಎರಡು, 'ಒಂದು ತೊಟ್ಟು ರಕ್ತದಿಂದ ಇದನ್ನು ಪತ್ತೆ ಹಚ್ಚಬಹುದು' ಎಂಬ ಸುದ್ದಿ ಆಗಾಗ ಬರುತ್ತಿರುತ್ತದೆ. ಆ ಮಾತಿನಲ್ಲಿ ಎಷ್ಟು ಸತ್ಯವಿದೆ, ಎಷ್ಟು ಆತುರವಿದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಕಲ್ಲಿನೊಳಗಿನ ನಾರು

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎಂಬ ಒಳ್ಳೆಯ ಹೆಸರಿದೆ. ಹೆಸರೇ ಹೇಳುವಂತೆ ಇದು ಕಲ್ಲಿನ ಜಾತಿಯದು, ಆದರೆ ನಾರಿನಂತೆ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಬೆಂಕಿಗೆ ಸುಡುವುದಿಲ್ಲ, ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ, ಬೆಲೆಯೂ ಕಡಿಮೆ. ಆದ್ದರಿಂದ ಇಪ್ಪತ್ತನೆಯ ಶತಮಾನದಲ್ಲಿ ಹಡಗು, ಬಾಯ್ಲರ್, ಕೊಳವೆ, ಮಾಡಿನ ಶೀಟು, ವಾಹನದ ಬ್ರೇಕು ಎಲ್ಲದರಲ್ಲೂ ಇದನ್ನು ಬಳಸಿದರು.

ಇದರ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಉಸಿರಿನೊಂದಿಗೆ ಒಳಹೋದ ಎಳೆಗಳಲ್ಲಿ ಕೆಲವು ಶ್ವಾಸಕೋಶದ ಆಳಕ್ಕೆ ಇಳಿದು, ಅಲ್ಲಿಂದ ಹೊರಗಿನ ಪೊರೆಯನ್ನು ತಲುಪುತ್ತವೆ. ಒಳಹೊಕ್ಕ ಕಸವನ್ನು ನುಂಗಿ ಕರಗಿಸುವ ಜೀವಕೋಶಗಳು ನಮ್ಮ ದೇಹದಲ್ಲಿವೆ. ಆದರೆ ಈ ಉದ್ದನೆಯ ಕಲ್ಲಿನ ಎಳೆಯನ್ನು ನುಂಗಲು ಅವುಗಳಿಂದ ಆಗುವುದಿಲ್ಲ. ಅಲ್ಲಿ ಸಣ್ಣ ಉರಿಯೂತ ಶುರುವಾಗಿ ವರ್ಷಾನುಗಟ್ಟಲೆ ಉಳಿದುಬಿಡುತ್ತದೆ. ಕೊನೆಗೊಮ್ಮೆ ಯಾವುದೋ ಕೋಶದ ವಂಶವಾಹಿ ಕೆಟ್ಟು ಕ್ಯಾನ್ಸರ್ ಹುಟ್ಟುತ್ತದೆ. ಇದಕ್ಕೆ ಹಿಡಿಯುವ ಕಾಲ ಸಾಮಾನ್ಯವಾಗಿ 20ರಿಂದ 50 ವರ್ಷ. 1980ರಲ್ಲಿ ಉಸಿರಾಡಿದ ಧೂಳು 2020ರಲ್ಲಿ ಕಾಯಿಲೆಯಾಗಿ ಕಾಣಿಸಬಹುದು. ಅಷ್ಟರಲ್ಲಿ ಕೆಲಸ ಬಿಟ್ಟು, ಊರು ಬಿಟ್ಟು, ಧೂಳಿನ ನೆನಪೂ ಅಳಿಸಿಹೋಗಿರುತ್ತದೆ.

ಕಲ್ನಾರಿಗೂ ಈ ಕ್ಯಾನ್ಸರಿಗೂ ಇರುವ ನಂಟನ್ನು 1960ರಲ್ಲಿ ದಕ್ಷಿಣ ಆಫ್ರಿಕದ ವೈದ್ಯ ಜೆ.ಸಿ. ವಾಗ್ನರ್ ಮತ್ತು ಸಂಗಡಿಗರು ಜಗತ್ತಿನ ಮುಂದಿಟ್ಟರು. ಅವರು ವಿವರಿಸಿದ್ದು 33 ರೋಗಿಗಳನ್ನು. ಹೆಚ್ಚಿನವರು ಕೇಪ್ ಪ್ರಾಂತದ ನೀಲಿ ಕಲ್ನಾರಿನ ಗಣಿಗಳ ಆಸುಪಾಸಿನಲ್ಲಿ ಬಾಳಿದವರು. ಗಣಿಯೊಳಗೆ ಕಾಲಿಡದವರೂ ಅವರಲ್ಲಿದ್ದರು.

ಬಟ್ಟೆ ಒಗೆದವರ ಕತೆ

ಇದು ಗಂಡಸರ ಕಾಯಿಲೆ, ಕಾರ್ಖಾನೆಯ ಕಾಯಿಲೆ ಎಂದು ಬಹುಕಾಲ ತಿಳಿಯಲಾಗಿತ್ತು. 1965ರಲ್ಲಿ ಲಂಡನ್ನಿನ ಇಬ್ಬರು ಮಹಿಳೆಯರು, ಮ್ಯೂರಿಯಲ್ ನ್ಯೂಹೌಸ್ ಮತ್ತು ಹಿಲ್ಡಾ ಥಾಂಪ್ಸನ್, ಒಂದು ಆಸ್ಪತ್ರೆಯ ಹಳೆಯ ದಾಖಲೆಗಳನ್ನು ಹಿಡಿದು ಮೆಸೊಥೆಲಿಯೋಮ ರೋಗಿಗಳ ಬದುಕಿನ ವಿವರ ಕಲೆಹಾಕಿದರು. ಪೂರ್ಣ ವಿವರ ಸಿಕ್ಕಿದ್ದು 76 ಮಂದಿಯದು. ಅವರಲ್ಲಿ 31 ಮಂದಿ ಕಲ್ನಾರಿನ ಕೆಲಸ ಮಾಡಿದವರು. ಇನ್ನು 9 ಮಂದಿ ಆ ಕೆಲಸವನ್ನೇ ಮಾಡಿರಲಿಲ್ಲ, ಮಾಡುವವರೊಂದಿಗೆ ಒಂದೇ ಮನೆಯಲ್ಲಿದ್ದರು ಅಷ್ಟೆ. ಅವರಲ್ಲಿ ಹೆಚ್ಚಿನವರು ಮಹಿಳೆಯರು. ದಿನವೂ ಸಂಜೆ ಗಂಡನ ಕೆಲಸದ ಬಟ್ಟೆಯನ್ನು ಕೊಡವಿ ಒಗೆದದ್ದೇ ಅವರ ಬದುಕಿನಲ್ಲಿ ಕಂಡುಬಂದ ಧೂಳಿನ ದಾರಿ.

ಪಶ್ಚಿಮ ಆಸ್ಟ್ರೇಲಿಯದ ವಿಟ್ಟೆನೂಮ್ ಎಂಬ ಊರಿನಲ್ಲಿ 1943ರಿಂದ 1966ರವರೆಗೆ ನೀಲಿ ಕಲ್ನಾರು ತೆಗೆದರು. ಗಣಿಯ ಪುಡಿಯನ್ನು ರಸ್ತೆಗೆ, ಅಂಗಳಕ್ಕೆ, ಮಕ್ಕಳ ಆಟದ ಬಯಲಿಗೆ ಹರಡಿದರು. ಗಣಿ ಕಾರ್ಮಿಕರ ಜೊತೆಗೆ ಅವರ ಹೆಂಡತಿಯರೂ, ಆ ಬಯಲಲ್ಲಿ ಆಡಿ ಬೆಳೆದ ಮಕ್ಕಳೂ ದಶಕಗಳ ಬಳಿಕ ಈ ಕಾಯಿಲೆಗೆ ತುತ್ತಾದರು.

ಟರ್ಕಿಯ ಕತೆ ಇನ್ನೂ ಬೇರೆ. ಅಲ್ಲಿನ ಅನತೋಲಿಯದ ಹಲವು ಹಳ್ಳಿಗಳಲ್ಲಿ ಬೆಟ್ಟದಿಂದ ತಂದ ಬಿಳಿ ಮಣ್ಣನ್ನು ಕಲಸಿ ಗೋಡೆಗೆ ಬಳಿಯುವುದು ತಲೆತಲಾಂತರದ ರೂಢಿ. ಮಾಡಿಗೂ ಅದನ್ನೇ ಹಾಸುತ್ತಿದ್ದರು. ಆ ಮಣ್ಣಿನಲ್ಲಿ ಕಲ್ನಾರು ಬೆರೆತಿತ್ತು. ಬಳಿಯುವವರು, ಗುಡಿಸುವವರು ಹೆಂಗಸರು. ಹೀಗಾಗಿ ಉಳಿದ ದೇಶಗಳಲ್ಲಿ ಗಂಡಸರಲ್ಲೇ ಹೆಚ್ಚಾಗಿ ಕಾಣುವ ಈ ಕ್ಯಾನ್ಸರ್ ಆ ಹಳ್ಳಿಗಳಲ್ಲಿ ಹೆಂಗಸರಲ್ಲೂ ಸರಿಸುಮಾರು ಅಷ್ಟೇ ಪ್ರಮಾಣದಲ್ಲಿ ಕಂಡಿತು. ಕಪದೋಕಿಯ ಪ್ರದೇಶದ ಕರಾಯಿನ್, ತುಜ್‌ಕೊಯ್ ಮೊದಲಾದ ಹಳ್ಳಿಗಳಲ್ಲಿ ಕಲ್ನಾರಲ್ಲದ, ಆದರೆ ಅದರಂತೆಯೇ ನಾರಾಗುವ ಎರಿಯೊನೈಟ್ ಎಂಬ ಖನಿಜ ಮನೆಯ ಕಲ್ಲಿನಲ್ಲೇ ಇತ್ತು. ಅಂಕಾರಾದ ವೈದ್ಯ ಇಜ್ಜತ್ತಿನ್ ಬಾರಿಶ್ 1970ರ ದಶಕದಲ್ಲಿ ಅಲ್ಲಿಗೆ ಹೋಗಿ ನೋಡಿದಾಗ ಊರಿನ ಸಾವುಗಳಲ್ಲಿ ದೊಡ್ಡ ಪಾಲು ಈ ಒಂದೇ ಕ್ಯಾನ್ಸರಿನಿಂದ ಆಗುತ್ತಿತ್ತು. (ನಮ್ಮಲ್ಲಿ ಗೋಡೆಗೆ ಬಳಿಯುವ ಸುಣ್ಣ ಕಲ್ನಾರಲ್ಲ. ಅದರ ಬಗ್ಗೆ ಭಯ ಬೇಡ.)

ಈ ಮೂರೂ ಕಡೆ ಗಮನಿಸಬೇಕಾದ ಸಂಗತಿ ಒಂದೇ. ಧೂಳು ಮನೆಯೊಳಗೆ ಬಂದಿತ್ತು, ಆದರೆ ಮನೆಯೊಳಗಿನ ಕೆಲಸವನ್ನು ಯಾರೂ 'ಕೆಲಸ' ಎಂದು ಬರೆದಿಟ್ಟಿರಲಿಲ್ಲ.

ರಕ್ತದಲ್ಲಿ ಕಂಡ ಗುರುತು

ಬಯೋಮಾರ್ಕರ್ ಅಂದರೆ ದೇಹದೊಳಗೆ ನಡೆಯುತ್ತಿರುವ ಒಂದು ಸಂಗತಿಯನ್ನು ಹೊರಗಿನವರಿಗೆ ತಿಳಿಸುವ ಗುರುತು. ಗರ್ಭ ನಿಂತಿದೆಯೇ ಎಂದು ನೋಡಲು ಮನೆಯಲ್ಲೇ ಮಾಡುವ ಪಟ್ಟಿ ಪರೀಕ್ಷೆ ಎಲ್ಲರಿಗೂ ಗೊತ್ತು. ಮೂತ್ರದಲ್ಲಿರುವ ಒಂದು ಹಾರ್ಮೋನು ಅಲ್ಲಿ ಗುರುತಾಗಿ ಕೆಲಸ ಮಾಡುತ್ತದೆ. ಸರಿಯಾದ ಸಮಯದಲ್ಲಿ ಮಾಡಿದರೆ ಅದು ತಪ್ಪುವುದು ಬಹಳ ಕಡಿಮೆ. ಕ್ಯಾನ್ಸರಿಗೂ ಅಂಥದೊಂದು ಪಟ್ಟಿ ಸಿಕ್ಕರೆ ಎಷ್ಟು ಒಳ್ಳೆಯದು ಎಂಬ ಆಸೆಯಿಂದಲೇ ವಿಜ್ಞಾನಿಗಳು ಹುಡುಕುತ್ತಿರುವುದು.

ಶ್ವಾಸಕೋಶದ ಪೊರೆಯ ಕೋಶಗಳ ಮೈಮೇಲೆ ಮೆಸೊಥೆಲಿನ್ ಎಂಬ ಪ್ರೊಟೀನು ಇರುತ್ತದೆ. ಆರೋಗ್ಯವಂತರಲ್ಲಿ ಇದು ಸ್ವಲ್ಪವೇ ಇರುತ್ತದೆ. ಕ್ಯಾನ್ಸರ್ ಬಂದ ಕೋಶಗಳಲ್ಲಿ ಹೆಚ್ಚಾಗಿ ಅದರ ಚೂರುಗಳು ಕಳಚಿ ರಕ್ತಕ್ಕೆ ಸೇರುತ್ತವೆ. 2003ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ಬ್ರೂಸ್ ರಾಬಿನ್ಸನ್ ಮತ್ತು ಸಂಗಡಿಗರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದರ ಅಳತೆಯನ್ನು ಪ್ರಕಟಿಸಿದರು. ಪರ್ತ್ ವಿಟ್ಟೆನೂಮ್ ಇರುವ ರಾಜ್ಯದ ರಾಜಧಾನಿ. ಅಲ್ಲಿನ ವೈದ್ಯರಿಗೆ ಈ ಕಾಯಿಲೆ ಪುಸ್ತಕದಲ್ಲಿ ಓದಿದ್ದಲ್ಲ, ದಿನವೂ ಎದುರಿಗೆ ಬಂದು ಕೂರುತ್ತಿದ್ದದ್ದು.

ಅವರು ನೋಡಿದ 44 ಮೆಸೊಥೆಲಿಯೋಮ ರೋಗಿಗಳಲ್ಲಿ 37 ಮಂದಿಯ ರಕ್ತದಲ್ಲಿ ಈ ಗುರುತು ಹೆಚ್ಚಾಗಿತ್ತು. ಅಂದರೆ ನೂರಕ್ಕೆ 84. ಬೇರೆ ಕ್ಯಾನ್ಸರ್ ಅಥವಾ ಶ್ವಾಸಕೋಶ ಮತ್ತು ಪೊರೆಯ ಬೇರೆ ಕಾಯಿಲೆಗಳಿದ್ದ 160 ಮಂದಿಯಲ್ಲಿ ಹೆಚ್ಚಾಗಿದ್ದದ್ದು ಕೇವಲ 3 ಮಂದಿಗೆ. ಇನ್ನೂ ಕುತೂಹಲದ ಸಂಗತಿ ಎಂದರೆ, ಕಲ್ನಾರಿನ ಧೂಳು ಕುಡಿದಿದ್ದರೂ ಆರೋಗ್ಯವಾಗಿದ್ದ 40 ಮಂದಿಯಲ್ಲಿ 7 ಮಂದಿಗೆ ಗುರುತು ಹೆಚ್ಚಾಗಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಆ ಏಳರಲ್ಲಿ ಮೂವರಿಗೆ ಮೆಸೊಥೆಲಿಯೋಮ, ಒಬ್ಬರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಕಾಯಿಲೆ ಕಾಣುವ ಮೊದಲೇ ರಕ್ತ ಅದನ್ನು ಹೇಳಿತ್ತೇ ಎಂಬ ಪ್ರಶ್ನೆ ಎದ್ದದ್ದು ಹೀಗೆ. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಪರೀಕ್ಷೆಗೆ ಅನುಮತಿ ನೀಡಿತು. ಆದರೆ ಅನುಮತಿ ಯಾವುದಕ್ಕೆ ಎಂಬುದನ್ನು ನೋಡಬೇಕು. ಕಾಯಿಲೆ ಇದೆ ಎಂದು ಈಗಾಗಲೇ ಖಚಿತವಾದವರಲ್ಲಿ ಅದು ಹೆಚ್ಚುತ್ತಿದೆಯೋ ಇಲ್ಲವೋ ಎಂದು ಗಮನಿಸಲು ಮಾತ್ರ. ಹೊಸದಾಗಿ ಪತ್ತೆ ಹಚ್ಚಲು ಅಲ್ಲ.

ಇದರ ಬೆನ್ನಿಗೇ ಬೇರೆ ಗುರುತುಗಳೂ ಬಂದವು. 2005ರಲ್ಲಿ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಪಾಸ್ ಮತ್ತು ಸಂಗಡಿಗರು ಆಸ್ಟಿಯೊಪಾಂಟಿನ್ ಎಂಬ ಪ್ರೊಟೀನನ್ನು ಮುಂದಿಟ್ಟರು. ಆದರೆ ಅದು ಬೇರೆ ಕ್ಯಾನ್ಸರುಗಳಲ್ಲೂ ಉರಿಯೂತಗಳಲ್ಲೂ ಹೆಚ್ಚುತ್ತದೆ. 2012ರಲ್ಲಿ ಅದೇ ತಂಡ ಫೈಬುಲಿನ್-3 ಎಂಬುದನ್ನು ಪ್ರಕಟಿಸಿತು. ರೋಗವಿದ್ದವರಲ್ಲಿ ನೂರಕ್ಕೆ 96ಕ್ಕಿಂತ ಹೆಚ್ಚು ಮಂದಿಯನ್ನು ಇದು ಗುರುತಿಸುತ್ತದೆ ಎಂಬ ಅಂಕಿ ಕಂಡು ಎಲ್ಲರೂ ಹುಬ್ಬೇರಿಸಿದರು. ಬೇರೆ ದೇಶಗಳ ತಂಡಗಳು ತಮ್ಮ ರೋಗಿಗಳ ರಕ್ತದಲ್ಲಿ ಅದನ್ನೇ ಅಳೆದಾಗ ಅಷ್ಟು ಒಳ್ಳೆಯ ಫಲ ಸಿಗಲಿಲ್ಲ. ಒಂದು ಕಡೆ ಬಂದ ಫಲ ಇನ್ನೊಂದು ಕಡೆಯೂ ಬರಬೇಕು. ಬಾರದಿದ್ದರೆ ಅದನ್ನು ನಂಬಿ ರೋಗಿಯ ಮುಂದೆ ತೀರ್ಪು ಹೇಳಲಾಗದು.

ಸಾವಿರ ಮಂದಿಯ ಲೆಕ್ಕ

ಮೆಸೊಥೆಲಿನ್‌ಗೂ ಇಂಥದೇ ಒರೆಗಲ್ಲು ಎದುರಾಯಿತು. 2012ರಲ್ಲಿ 16 ಅಧ್ಯಯನಗಳ ಒಟ್ಟು 4,491 ಮಂದಿಯ ವಿವರಗಳನ್ನು ಒಟ್ಟಿಗಿಟ್ಟು ನೋಡಿದರು. ಕಾಯಿಲೆ ಆರಂಭದ ಹಂತದಲ್ಲಿದ್ದವರನ್ನೇ ತೆಗೆದುಕೊಂಡು, ಕಾಯಿಲೆ ಇಲ್ಲದ ನೂರರಲ್ಲಿ ಐವರಿಗಿಂತ ಹೆಚ್ಚು ಮಂದಿಗೆ ತಪ್ಪಾಗಿ 'ಇದೆ' ಎನ್ನಬಾರದು ಎಂಬ ಮಿತಿ ಹಾಕಿದಾಗ, ಪರೀಕ್ಷೆ ಹಿಡಿದದ್ದು ನೂರು ರೋಗಿಗಳಲ್ಲಿ 32 ಮಂದಿಯನ್ನು ಮಾತ್ರ. ಉಳಿದ 68 ಮಂದಿ ಕೈತಪ್ಪಿದರು.

ಇದನ್ನು ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಕಲ್ನಾರಿನ ಕೆಲಸ ಮಾಡಿದ ಸಾವಿರ ಮಂದಿ ಇದ್ದಾರೆ ಎಂದು ಇಟ್ಟುಕೊಳ್ಳಿ. ಅವರಲ್ಲಿ ಐವರಿಗೆ ಕಾಯಿಲೆ ಈಗಷ್ಟೇ ಆರಂಭವಾಗಿದೆ ಎನ್ನೋಣ. ಎಲ್ಲರ ರಕ್ತ ಪರೀಕ್ಷೆ ಮಾಡಿದರೆ ಆ ಐವರಲ್ಲಿ ಸಿಕ್ಕಿಬೀಳುವವರು ಒಬ್ಬರೋ ಇಬ್ಬರೋ. ಕಾಯಿಲೆ ಇಲ್ಲದ 995 ಮಂದಿಯಲ್ಲಿ ಸುಮಾರು 50 ಮಂದಿಗೆ 'ಹೆಚ್ಚಾಗಿದೆ' ಎಂಬ ಚೀಟಿ ಬರುತ್ತದೆ. ಈ ಐವತ್ತು ಮಂದಿ ನಿದ್ದೆಗೆಟ್ಟು, ಸಾಲ ಮಾಡಿ ಸ್ಕ್ಯಾನ್ ಮಾಡಿಸಿ, ಕೆಲವರು ಎದೆಗೆ ತೂತು ಹಾಕಿಸಿಕೊಂಡು ಕೊನೆಗೆ ಏನೂ ಇಲ್ಲ ಎಂದು ತಿಳಿಯುತ್ತಾರೆ. ಇನ್ನೊಂದು ಕಡೆ, ನಿಜವಾಗಿ ಕಾಯಿಲೆ ಇರುವ ಮೂವರೋ ನಾಲ್ವರೋ 'ಎಲ್ಲ ಸರಿಯಾಗಿದೆ' ಎಂಬ ಚೀಟಿ ಹಿಡಿದು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಎರಡನೆಯದು ಇನ್ನೂ ಅಪಾಯ.

ತಪ್ಪಾಗಿ ಹೆಚ್ಚು ತೋರಿಸಲು ಕಾರಣಗಳೂ ಇವೆ. ಮೆಸೊಥೆಲಿನ್ ಚೂರುಗಳನ್ನು ಮೂತ್ರಪಿಂಡ ಹೊರಹಾಕುತ್ತದೆ. ಸಕ್ಕರೆ ಕಾಯಿಲೆಯಿಂದಲೋ ರಕ್ತದೊತ್ತಡದಿಂದಲೋ ಮೂತ್ರಪಿಂಡ ದುರ್ಬಲವಾಗಿದ್ದರೆ ಅದು ರಕ್ತದಲ್ಲೇ ಉಳಿದು ಅಂಕಿ ಏರುತ್ತದೆ. ಅಂಡಾಶಯ ಮತ್ತು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲೂ ಅದು ಹೆಚ್ಚಾಗಿರುತ್ತದೆ. ತಪ್ಪಾಗಿ ಕಡಿಮೆ ತೋರಿಸುವುದೂ ಉಂಟು. ಮೆಸೊಥೆಲಿಯೋಮದಲ್ಲಿ ಮೂರು ಬಗೆಗಳಿವೆ. ಅವುಗಳಲ್ಲಿ ಹೆಚ್ಚು ಉಗ್ರವಾದ ಸಾರ್ಕೊಮಟಾಯಿಡ್ ಬಗೆಯ ಕೋಶಗಳು ಸಾಮಾನ್ಯವಾಗಿ ಈ ಪ್ರೊಟೀನನ್ನು ಮಾಡುವುದೇ ಇಲ್ಲ. ಗುರುತೇ ಇಲ್ಲದಿದ್ದರೆ ಪರೀಕ್ಷೆ ಏನನ್ನು ಹಿಡಿದೀತು?

ಹಾಗಾದರೆ ಗುರುತುಗಳಿಂದ ಪ್ರಯೋಜನವಿಲ್ಲವೇ?

ಖಂಡಿತ ಇದೆ. ಆದರೆ ಇಂದು ಅವುಗಳ ನಿಜವಾದ ಬಲ ಇರುವುದು ರಕ್ತದಲ್ಲಲ್ಲ, ಪೊರೆಯಿಂದ ತೆಗೆದ ಚೂರಿನಲ್ಲಿ, ಅಂದರೆ ಬಯಾಪ್ಸಿಯಲ್ಲಿ. ಪೊರೆಯ ಕ್ಯಾನ್ಸರ್, ಶ್ವಾಸಕೋಶದ ಕ್ಯಾನ್ಸರ್, ಸ್ತನದಿಂದ ಪೊರೆಗೆ ಹರಡಿದ ಕ್ಯಾನ್ಸರ್, ಇವು ಸೂಕ್ಷ್ಮದರ್ಶಕದಲ್ಲಿ ಒಂದೇ ತೆರನಾಗಿ ಕಾಣಬಹುದು. ಚಿಕಿತ್ಸೆ ಮಾತ್ರ ಬೇರೆ ಬೇರೆ. ಆದ್ದರಿಂದ ಪ್ರಯೋಗಾಲಯದಲ್ಲಿ ಆ ಚೂರಿಗೆ ಹಲವು ಬಣ್ಣಗಳ ಪರೀಕ್ಷೆ ಮಾಡುತ್ತಾರೆ. ಕ್ಯಾಲ್‌ರೆಟಿನಿನ್, ಡಬ್ಲ್ಯುಟಿ-1 ಮೊದಲಾದ ಗುರುತುಗಳು ಕಂಡರೆ ಅದು ಪೊರೆಯ ಕೋಶ. ಟಿಟಿಎಫ್-1, ಸಿಇಎ, ಕ್ಲಾಡಿನ್-4 ಮೊದಲಾದವು ಕಂಡರೆ ಬೇರೆ ಕಡೆಯಿಂದ ಬಂದದ್ದು. ಒಂದೇ ಗುರುತನ್ನು ನಂಬದೆ ಆ ಕಡೆಯ ಎರಡು, ಈ ಕಡೆಯ ಎರಡಾದರೂ ನೋಡಬೇಕು ಎಂಬುದು ರೋಗಶಾಸ್ತ್ರಜ್ಞರ ನಿಯಮ.

ಪೊರೆಯ ಕೋಶ ಎಂದು ತಿಳಿದ ಮೇಲೂ ಅದು ಬರೀ ಉರಿಯೂತದಿಂದ ಊದಿದ ಕೋಶವೋ ಕ್ಯಾನ್ಸರೋ ಎಂಬ ಪ್ರಶ್ನೆ ಉಳಿಯುತ್ತದೆ. ಇಲ್ಲಿ ಬಿಎಪಿ-1 ಎಂಬ ಪ್ರೊಟೀನು ನೆರವಿಗೆ ಬಂದಿದೆ. ಇದು ಕ್ಯಾನ್ಸರನ್ನು ತಡೆಯುವ ಒಂದು ಕಾವಲು ಜೀನಿನಿಂದ ತಯಾರಾಗುತ್ತದೆ. ಕೋಶಗಳ ಕೇಂದ್ರದಿಂದ ಇದು ಕಾಣೆಯಾಗಿದ್ದರೆ ಉರಿಯೂತವಲ್ಲ, ಕ್ಯಾನ್ಸರೇ ಎಂದು ಬಹುಮಟ್ಟಿಗೆ ಹೇಳಬಹುದು. ಎಂಟಿಎಪಿ ಎಂಬ ಇನ್ನೊಂದು ಪ್ರೊಟೀನಿನ ಕಾಣೆಯೂ ಹೀಗೆಯೇ. ಇವು ಕಾಣೆಯಾಗದಿದ್ದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲ ಎನ್ನುವಂತಿಲ್ಲ, ಅದನ್ನೂ ನೆನಪಿಡಬೇಕು. 2011ರಲ್ಲಿ ಇನ್ನೊಂದು ವಿಷಯ ತಿಳಿಯಿತು. ಕೆಲವೇ ಕೆಲವು ಕುಟುಂಬಗಳಲ್ಲಿ ಬಿಎಪಿ-1 ಜೀನಿನ ದೋಷ ಹುಟ್ಟಿನಿಂದಲೇ ಇರುತ್ತದೆ. ಅಂಥ ಮನೆಗಳಲ್ಲಿ ಮೆಸೊಥೆಲಿಯೋಮ, ಕಣ್ಣಿನ ಮೆಲನೋಮ ಮೊದಲಾದವು ಒಂದಕ್ಕಿಂತ ಹೆಚ್ಚು ಮಂದಿಗೆ ಬರಬಹುದು.

ರಕ್ತದ ಗುರುತುಗಳ ಹುಡುಕಾಟವೂ ನಿಂತಿಲ್ಲ. ಜರ್ಮನಿಯಲ್ಲಿ ಹಿಂದೆ ಕಲ್ನಾರಿನ ಕೆಲಸ ಮಾಡಿದ್ದ 2,700ಕ್ಕೂ ಹೆಚ್ಚು ಮಂದಿಯ ರಕ್ತವನ್ನು ವರ್ಷ ವರ್ಷ ತೆಗೆದಿಟ್ಟು, ಕಾಯಿಲೆ ಬಂದವರ ಹಳೆಯ ರಕ್ತವನ್ನು ಮತ್ತೆ ಪರೀಕ್ಷಿಸಿದರು. ಕ್ಯಾಲ್‌ರೆಟಿನಿನ್ ಮತ್ತು ಮೆಸೊಥೆಲಿನ್ ಎರಡನ್ನೂ ಒಟ್ಟಿಗೆ ನೋಡಿದರೆ, ಕಾಯಿಲೆ ಪತ್ತೆಯಾಗುವ ಮೊದಲಿನ ಒಂದು ವರ್ಷದೊಳಗೆ ಅರ್ಧಕ್ಕಿಂತ ತುಸು ಕಡಿಮೆ ಮಂದಿಯನ್ನು ಗುರುತಿಸಬಹುದಿತ್ತು ಎಂದು 2018ರಲ್ಲಿ ಪ್ರಕಟವಾಯಿತು. ಒಂದೇ ಗುರುತಿಗಿಂತ ಇದು ಉತ್ತಮ. ಆದರೂ ಅರ್ಧದಷ್ಟು ಮಂದಿ ಕೈತಪ್ಪುತ್ತಾರೆ.

ನಮ್ಮ ಮನೆಗಳಿಗೆ ಏನು ಸಂಬಂಧ?

ಕಲ್ನಾರಿನ ಎಲ್ಲ ಬಗೆಗಳೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತೀರ್ಮಾನ. ಇಟಲಿ 1992ರಲ್ಲಿ, ಬ್ರಿಟನ್ 1999ರಲ್ಲಿ, ಟರ್ಕಿ 2010ರ ಕೊನೆಯಲ್ಲಿ ಇದರ ಬಳಕೆಯನ್ನು ನಿಲ್ಲಿಸಿದವು. ಭಾರತದಲ್ಲಿ ಹಾಗಾಗಿಲ್ಲ. ಬಿಳಿ ಕಲ್ನಾರು ಹೊರದೇಶಗಳಿಂದ ಬರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಸಿಮೆಂಟು ಶೀಟಿಗೆ ಸೇರುತ್ತದೆ. ನಮ್ಮ ಊರುಗಳಲ್ಲಿ ಬಾಡಿಗೆ ಮನೆಯ ಮಾಡು, ಬಚ್ಚಲು, ಕೊಟ್ಟಿಗೆ, ಗೋದಾಮು ಎಲ್ಲೆಲ್ಲೂ ಈ ಶೀಟನ್ನು ನೋಡುತ್ತೇವೆ.

ಗಟ್ಟಿಯಾಗಿರುವ, ಒಡೆಯದ ಶೀಟಿನಲ್ಲಿ ಎಳೆಗಳು ಸಿಮೆಂಟಿನೊಳಗೆ ಕಟ್ಟಿಕೊಂಡಿರುತ್ತವೆ. ಅದರ ಕೆಳಗೆ ವಾಸಿಸುವವರೆಲ್ಲ ಕಾಯಿಲೆ ಬೀಳುತ್ತಾರೆ ಎಂದರ್ಥವಲ್ಲ. ಅಪಾಯ ಹೆಚ್ಚುವುದು ಅದನ್ನು ಕೊಯ್ಯುವಾಗ, ತೂತು ಕೊರೆಯುವಾಗ, ಒಡೆಯುವಾಗ ಮತ್ತು ಒಡೆದ ಚೂರನ್ನು ಒಣಗಿದಂತೆಯೇ ಗುಡಿಸುವಾಗ. ಮಳೆಗಾಲಕ್ಕೆ ಮೊದಲು ಮಾಡಿನ ಪಾಚಿಯನ್ನು ತಂತಿ ಬ್ರಷ್ಷಿನಿಂದ ಉಜ್ಜುವುದೂ ಒಳ್ಳೆಯದಲ್ಲ.

ಇನ್ನು ದುಡಿಮೆ. ಶೀಟಿನ ಕಾರ್ಖಾನೆ, ಹಡಗು ಒಡೆಯುವ ಅಂಗಳ, ಹಡಗು ರಿಪೇರಿ, ಬಾಯ್ಲರ್ ಮತ್ತು ಕೊಳವೆಯ ಹೊದಿಕೆ, ಹಳೆಯ ಕಟ್ಟಡ ಕೆಡಹುವ ಕೆಲಸ, ಬ್ರೇಕ್ ಲೈನರ್ ಉಜ್ಜುವ ಗ್ಯಾರೇಜು, ಇವೆಲ್ಲ ಕಲ್ನಾರಿನ ಧೂಳು ಸಿಗುವ ಜಾಗಗಳು. ಕರಾವಳಿಯಿಂದ ಮುಂಬಯಿಗೆ, ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಅದೆಷ್ಟೋ ಮಂದಿ ಇಂಥ ಕೆಲಸಗಳಲ್ಲಿ ಯೌವನ ಕಳೆದಿದ್ದಾರೆ. 'ಅಬ್ಬ ಅಲ್ಲಿ ಏನು ಕೆಲಸ ಮಾಡುತ್ತಿದ್ದರು?' ಎಂದು ಕೇಳಿದರೆ 'ಕಂಪೆನಿಯಲ್ಲಿ' ಎಂದಷ್ಟೇ ಮಕ್ಕಳಿಗೆ ಗೊತ್ತು.

1995ರಲ್ಲಿ ನಮ್ಮ ಸುಪ್ರೀಂ ಕೋರ್ಟು ಕಲ್ನಾರಿನ ಕೈಗಾರಿಕೆಗಳ ಬಗ್ಗೆ ಒಂದು ಮುಖ್ಯ ತೀರ್ಪು ನೀಡಿತು. ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಅಥವಾ ಕೆಲಸ ಬಿಟ್ಟ ನಂತರ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು ಎಂದಿತು. ಕಾಯಿಲೆ ಎಷ್ಟು ತಡವಾಗಿ ಬರುತ್ತದೆ ಎಂಬುದನ್ನು ಅರಿತೇ ಆ ಮಾತು ಹೇಳಿದ್ದು. ಆದರೆ ಆ ಕಾರ್ಮಿಕನ ಬಟ್ಟೆ ಒಗೆದವಳ ದಾಖಲೆ ಯಾವ ಕಾರ್ಖಾನೆಯ ಪುಸ್ತಕದಲ್ಲೂ ಇರುವುದಿಲ್ಲ. ಅದನ್ನು ನಾವೇ ಬರೆದಿಟ್ಟುಕೊಳ್ಳಬೇಕು, ನಾವೇ ವೈದ್ಯರಿಗೆ ಹೇಳಬೇಕು.

ಕೆಲವು ಪ್ರಶ್ನೆಗಳು

*ನನ್ನ ಪತಿ ಹಡಗಿನ ಕೆಲಸದಲ್ಲಿದ್ದರು. ನಮಗಿಬ್ಬರಿಗೂ ಏನೂ ತೊಂದರೆ ಇಲ್ಲ. ಈ ರಕ್ತ ಪರೀಕ್ಷೆ ಮಾಡಿಸಬೇಕೇ?*

ತೊಂದರೆ ಇಲ್ಲದವರಿಗೆ ಇದರಿಂದ ಲಾಭಕ್ಕಿಂತ ಚಿಂತೆಯೇ ಹೆಚ್ಚು. ಬದಲಾಗಿ ನಿಮ್ಮ ವೈದ್ಯರಿಗೆ ಕೆಲಸದ ವಿವರ ತಿಳಿಸಿಡಿ. ಉಬ್ಬಸ, ಒಂದು ಮಗ್ಗುಲ ಎದೆನೋವು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ತಡ ಮಾಡಬೇಡಿ.

*ಎದೆಯ ನೀರಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಕೋಶ ಸಿಗಲಿಲ್ಲ ಎಂದರು. ಹಾಗಾದರೆ ನಿಶ್ಚಿಂತೆಯೇ?*

ಮೆಸೊಥೆಲಿಯೋಮದಲ್ಲಿ ನೀರಿನ ಪರೀಕ್ಷೆ ಅನೇಕ ಸಲ ಏನನ್ನೂ ತೋರಿಸುವುದಿಲ್ಲ. ಕ್ಷಯದ ಗುರುತಾದ ಎಡಿಎ ಪ್ರಮಾಣ ಹೆಚ್ಚಿದ್ದರೆ ಕ್ಷಯದ ಸಾಧ್ಯತೆ ಹೆಚ್ಚು. ಆದರೆ ಅದು ಕಡಿಮೆ ಇದ್ದು, ಮಾತ್ರೆಗೂ ಬಗ್ಗದೆ ನೀರು ಮತ್ತೆ ತುಂಬಿದರೆ ಸಿ.ಟಿ. ಸ್ಕ್ಯಾನ್ ಮತ್ತು ಬಯಾಪ್ಸಿಯ ಬಗ್ಗೆ ಕೇಳಿ. ಪಕ್ಕೆಲುಬುಗಳ ನಡುವೆ ಸಣ್ಣ ತೂತಿನಿಂದ ಕ್ಯಾಮರಾ ಇಳಿಸಿ, ಪೊರೆಯನ್ನು ಕಣ್ಣಾರೆ ನೋಡಿ ಚೂರು ತೆಗೆಯುವ ಥೊರಾಕೋಸ್ಕೋಪಿ ಇದಕ್ಕೆ ಹೆಚ್ಚು ನಂಬಿಕೆಯ ದಾರಿ.

*ಹೊಟ್ಟೆಯಲ್ಲಿ ನೀರು ತುಂಬಿ ಸಿಎ-125 ಹೆಚ್ಚಾಗಿದೆ. ಅಂಡಾಶಯದ ಕ್ಯಾನ್ಸರ್ ಎಂದರ್ಥವೇ?*

ಆ ಸಂಶಯ ಸಹಜ. ಆದರೆ ಸಿಎ-125 ಹೊಟ್ಟೆಯ ಕ್ಷಯದಲ್ಲೂ ಹೆಚ್ಚುತ್ತದೆ. ಹೊಟ್ಟೆಯ ಪೊರೆಗೂ ಮೆಸೊಥೆಲಿಯೋಮ ಬರಬಹುದು, ಅಲ್ಲೂ ಹೆಚ್ಚುತ್ತದೆ. ಚೂರು ಪರೀಕ್ಷೆಯಿಲ್ಲದೆ ಹೆಸರಿಡಲಾಗದು.

*ಕಾಯಿಲೆ ಖಚಿತವಾದರೆ ಚಿಕಿತ್ಸೆ ಇದೆಯೇ?*

ಪೂರ್ಣ ಗುಣವಾಗುವುದು ಕಷ್ಟ ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಮೊದಲಿನಂತೆ ಕೈಚೆಲ್ಲುವ ಸ್ಥಿತಿಯೂ ಇಲ್ಲ. 2004ರಲ್ಲಿ ಪೆಮೆಟ್ರೆಕ್ಸೆಡ್ ಎಂಬ ಔಷಧಕ್ಕೆ, 2020ರಲ್ಲಿ ದೇಹದ ರೋಗನಿರೋಧಕ ಶಕ್ತಿಯನ್ನೇ ಎಚ್ಚರಿಸುವ ಎರಡು ಔಷಧಗಳ ಜೋಡಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನೀರು ಮತ್ತೆ ತುಂಬದಂತೆ ಮಾಡಿ ಉಸಿರಾಟ ಹಗುರಗೊಳಿಸುವ, ನೋವು ತಗ್ಗಿಸುವ ಉಪಾಯಗಳೂ ಇವೆ. ಯಾವ ಬಗೆಯ ಕೋಶ ಎಂಬುದರ ಮೇಲೆ ಚಿಕಿತ್ಸೆ ನಿಂತಿರುವುದರಿಂದಲೇ ಬಯಾಪ್ಸಿ ಬೇಕು ಎನ್ನುವುದು.

*ಬೀಡಿ, ಸಿಗರೇಟಿನಿಂದ ಇದು ಬರುತ್ತದೆಯೇ?*

ಮೆಸೊಥೆಲಿಯೋಮಕ್ಕೆ ಧೂಮಪಾನ ಕಾರಣವಲ್ಲ. ಆದರೆ ಕಲ್ನಾರಿನ ಧೂಳು ಕುಡಿದವರು ಧೂಮಪಾನವನ್ನೂ ಮಾಡಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ. ಬಿಡುವುದರಿಂದ ಲಾಭವೇ.

ಮನೆಯಲ್ಲಿ ಪಾಲಿಸಬೇಕಾದ್ದು

* ಮನೆಯ ಹಿರಿಯರು ಯಾವ ವರ್ಷ, ಯಾವ ಊರಲ್ಲಿ, ಯಾವ ಕೆಲಸ ಮಾಡಿದರು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಅವರ ಕೆಲಸದ ಬಟ್ಟೆ ಯಾರು ಒಗೆಯುತ್ತಿದ್ದರು ಎಂಬುದನ್ನೂ ಸೇರಿಸಿ. ಆಸ್ಪತ್ರೆಯ ಕಡತದ ಜೊತೆ ಅದು ಇರಲಿ.
* ಧೂಳಿನ ಕೆಲಸ ಮಾಡುವವರ ಬಟ್ಟೆಯನ್ನು ಒಳಗೆ ತಂದು ಕೊಡವಬೇಡಿ. ಸಾಧ್ಯವಾದರೆ ಕೆಲಸದ ಜಾಗದಲ್ಲೇ ಬದಲಿಸಲಿ. ಇಲ್ಲವಾದರೆ ಹೊರಗೇ ನೀರಿನಲ್ಲಿ ನೆನೆಸಿ, ಮಕ್ಕಳ ಬಟ್ಟೆಯೊಂದಿಗೆ ಬೆರೆಸದೆ ಒಗೆಯಿರಿ.
* ಒಡೆದ ಸಿಮೆಂಟು ಶೀಟನ್ನು ಒದ್ದೆ ಮಾಡಿ ಎತ್ತಿ. ಚೂರುಗಳನ್ನು ಕೋಳಿಗೂಡಿಗೋ ಅಂಗಳ ತುಂಬಲೋ ಬಳಸಬೇಡಿ. ಮಕ್ಕಳ ಕೈಗೆ ಸಿಗದಿರಲಿ.
* ಹೊಸದಾಗಿ ಮಾಡು ಹಾಕಿಸುವವರು ಕಲ್ನಾರಿಲ್ಲದ ಶೀಟನ್ನು, ಇಲ್ಲವೇ ಹೆಂಚನ್ನು ಕೇಳಿ ತನ್ನಿ.
* ಕ್ಷಯದ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಗುಣ ಕಾಣದಿದ್ದರೆ ವೈದ್ಯರನ್ನೇ ಮತ್ತೆ ಕೇಳಿ.

ವೈದ್ಯರು 'ಏನು ಕೆಲಸ ಮಾಡುತ್ತಿದ್ದಿರಿ?' ಎಂದು ಕೇಳಿದಾಗ ನಮ್ಮ ತಾಯಂದಿರು 'ಕೆಲಸ ಏನಿಲ್ಲ, ಮನೆಯಲ್ಲೇ' ಎನ್ನುತ್ತಾರೆ. ಆ ಉತ್ತರದೊಂದಿಗೆ ಒಂದು ದೊಡ್ಡ ಸುಳಿವು ಕಳೆದುಹೋಗುತ್ತದೆ. ಮೆಸೊಥೆಲಿನ್ ಹಿಡಿಯಲಾರದ್ದನ್ನು ಕೆಲವೊಮ್ಮೆ 'ಮೂವತ್ತು ವರ್ಷ ಅವರ ಬಟ್ಟೆ ಒಗೆದಿದ್ದೇನೆ' ಎಂಬ ಒಂದು ಮಾತು ಹಿಡಿದುಕೊಡುತ್ತದೆ. ಅದಕ್ಕೆ ಖರ್ಚೂ ಇಲ್ಲ. ತಾಯಿಯನ್ನೋ ಅತ್ತೆಯನ್ನೋ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಆ ಮಾತನ್ನು ಅವರ ಪರವಾಗಿ ಹೇಳಲು ಮರೆಯದಿರಲಿ.